ಉಪ್ಪುನೀರಿಗೆ ಬಿಡದ ವಿಷ

ಕೆಂಗೇರಿಯ ಓದುಗರೊಬ್ಬರು ಬರೆದಿದ್ದಾರೆ: "ಮೋರಿ ನೀರಲ್ಲಿ ಸೊಪ್ಪು ಬೆಳೆದು ಮಾರುವ ರೈತರ ಮೇಲೆ ಕೇಸು ಹಾಕಬೇಕು. ದುಡ್ಡಿನಾಸೆಗೆ ವಿಷ ತಿನ್ನಿಸುತ್ತಿದ್ದಾರೆ. ನಾನಂತೂ ಸೊಪ್ಪನ್ನು ಅರ್ಧ ಗಂಟೆ ಉಪ್ಪುನೀರಲ್ಲಿ ನೆನೆಸುತ್ತೇನೆ. ಅಷ್ಟು ಸಾಕಾ, ಇಲ್ಲಾ ಸೊಪ್ಪನ್ನೇ ಬಿಡಬೇಕಾ?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ ತಾಯಿ. ಮಕ್ಕಳ ತಟ್ಟೆಗೆ ಬಡಿಸುವವರಿಗೆ ಆ ಭಯ ಸಹಜ. ಆದರೆ ಕೇಸಿನ ಮಾತಾಡುವ ಮೊದಲು ನಿಮ್ಮೂರ ಪಕ್ಕದಲ್ಲೇ ಹರಿಯುವ ವೃಷಭಾವತಿಯನ್ನು ಒಮ್ಮೆ ನೋಡಿ ಬನ್ನಿ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತದೆ ಎಂದು ಹಿರಿಯರು ಹೇಳುತ್ತಿದ್ದ ಹೊಳೆ ಅದು. ಇವತ್ತು ನಮ್ಮ ನಿಮ್ಮ ಬಚ್ಚಲು, ಕಕ್ಕಸಿನ ನೀರನ್ನೂ ಪೀಣ್ಯದ ಕಡೆಯ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತದೆ. ಆ ಕೆರೆ ಇರುವುದೇ ಹೊಲಗಳಿಗೆ ನೀರುಣಿಸಲಿಕ್ಕೆ.

ಕೆಲವು ವರ್ಷಗಳ ಹಿಂದೆ ಆ ಕಡೆ ಹೋಗಿದ್ದೆ. ಕಾಲುವೆ ತುಂಬ ಬಿಳಿ ನೊರೆ. ಮೂಗು ಮುಚ್ಚಿಕೊಂಡ ನನ್ನನ್ನು ನೋಡಿ ಹಿರಿಯ ರೈತರೊಬ್ಬರು, "ಈ ನೀರು ನಾವು ಕೇಳಿ ತರಿಸ್ಕೊಂಡಿದ್ದಲ್ಲ ಸ್ವಾಮಿ, ನೀವು ಕಳಿಸಿದ್ದು" ಅಂದರು. ನನಗೆ ಬಾಯಿ ಬರಲಿಲ್ಲ. ಭತ್ತದ ಗದ್ದೆಗಳಲ್ಲಿ ಈಗ ಹಸುವಿನ ಮೇವು ಬೆಳೆಯುತ್ತಾರೆ. ದುಡ್ಡಿನಾಸೆ ಎಂದಿರಲ್ಲ, ಆ ಮಾತು ನನಗೆ ನೋವು ತಂದಿತು.

ಇನ್ನು ಉಪ್ಪುನೀರು. ತೊಳೆಯುವುದು ಒಳ್ಳೆಯದೇ. ಆದರೆ ಇಂಥ ಕೊಳೆನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ವಿಷದ ಲೋಹಗಳಿರಬಹುದು, ಎಲ್ಲವೂ ತೊಳೆದರೆ ಹೋಗುವಂಥವಲ್ಲ. ಸೀಸ ಬಹುಪಾಲು ಎಲೆಗೆ ಮೆತ್ತಿದ ಮಣ್ಣು, ಧೂಳಿನಲ್ಲಿರುತ್ತದೆ. ಉಪ್ಪು ಬೇಡ, ಸುಮ್ನೆ ನಾಲ್ಕು ನೀರಲ್ಲಿ ಜಾಲಾಡಿಸಿದರೂ ಸಾಕಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡ ಅದನ್ನು ಸತುವಿನ ಜೊತೆ ಬೇರಿನಿಂದಲೇ ಎಳೆದುಕೊಂಡು ಎಲೆಯೊಳಗೆ ಇಟ್ಟುಕೊಳ್ಳುತ್ತದೆ. ಪಾಲಕ್‌ನಂಥ ಸೊಪ್ಪಿನಲ್ಲಿ ಇದು ಜಾಸ್ತಿ. ನಮ್ಮ ಮೂತ್ರಪಿಂಡ ಸೇರಿದರೆ ಅದರ ಅರ್ಧ ಹೊರಹೋಗುವುದಕ್ಕೇ 10ರಿಂದ 30 ವರ್ಷ ಬೇಕು.

ಜಪಾನಿನ ತೊಯಾಮಾದಲ್ಲಿ ಇದು ನಡೆದುಹೋಗಿದೆ. ಮೇಲಿನ ಗಣಿಯ ಕ್ಯಾಡ್ಮಿಯಂ ಜಿಂಜು ಹೊಳೆಗೆ ಬಂತು, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಹೆಚ್ಚಾಗಿ ನರಳಿದವರು ಮಕ್ಕಳನ್ನು ಹೆತ್ತು ವಯಸ್ಸಾದ ಹೆಂಗಸರು. ಕೆಮ್ಮಿದರೂ ಎಲುಬು ಮುರಿಯುತ್ತಿತ್ತು. ಅವರ ನರಳಾಟವೇ ಕಾಯಿಲೆಗೆ ಹೆಸರಾಯಿತು: ಇತಾಯ್ ಇತಾಯ್, ಅಂದರೆ ನೋವು ನೋವು. 1968ರಲ್ಲಿ ಅಲ್ಲಿನ ಸರ್ಕಾರ ಕಾರಣ ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಅಲ್ಲಿ ಯಾರೂ ಭತ್ತ ಬೆಳೆದವನ ಮೇಲೆ ಕೇಸು ಹಾಕಲಿಲ್ಲ ತಾಯಿ. ಗಣಿ ಕಂಪನಿಯ ಮೇಲೆ ಹಾಕಿದರು, ಗೆದ್ದರು.

ನಮ್ಮಲ್ಲಿ? 2015ರಿಂದ ರೈತರಿಗೆ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ಹೀಗೆ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ. ಬೆಳೆಗೆ ಏನು ಕಡಿಮೆ ಎಂದು ಹೇಳುವ ಕಾರ್ಡು, ಉಣ್ಣುವವರಿಗೆ ಏನು ಜಾಸ್ತಿಯಾಗಿದೆ ಎಂದು ಹೇಳುವುದಿಲ್ಲ. ನಗರದ ಕೊಳೆ ಹರಿಯುವ ಊರುಗಳಲ್ಲಾದರೂ ಇನ್ನು ಮೂರು ಸಾಲು ಸೇರಿಸಿ ಎಂದು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇನೋ. ಹೊಲಕ್ಕೆ ಹೋಗುವ ನೀರನ್ನು ಅಳೆಯದೆ ರೈತನ ನಿಯತ್ತನ್ನು ಅಳೆಯುತ್ತಾ ಕೂತಿದ್ದೇವೆ.

ಸೊಪ್ಪು ಬಿಡಬೇಡಿ. ದಿನಾ ಒಂದೇ ಸೊಪ್ಪು ಬೇಡ, ಒಂದೇ ಕಡೆಯದ್ದೂ ಬೇಡ. ಮಾರುವವರನ್ನು ಯಾವ ಊರಿನದು, ಯಾವ ನೀರಿನದು ಎಂದು ಕೇಳಿ. ಇನ್ನೊಂದು ಕಾಗದವನ್ನೂ ಬರೆಯಿರಿ, ಈ ಸಲ ಹೊಳೆಗೆ ಕೊಳೆ ಬಿಡುವವರಿಗೆ. ನಕಲು ನಮಗೆ ಕಳಿಸಿ, ಅಚ್ಚು ಹಾಕುತ್ತೇನೆ.

– ಸಂಪಾದಕ