ನಮ್ಮ ತಾಲ್ಲೂಕಿನ ಫೈರ್ ಸ್ಟೇಷನ್‌ಗೆ ತುರ್ತು ಇಂಟರ್ನೆಟ್ ಕೊಡೋಕೆ ಚಿಕ್ಕ ಕೇಬಲ್ ಆಪರೇಟರ್ ಏನು ಮಾಡಬೇಕು?

ಖಂಡಿತ ಕೊಡಬಹುದು. ನಾನೂ ಗದಗ ಜಿಲ್ಲೆಯಲ್ಲಿ ಫೈಬರ್ ಎಳೆಯುವ ಕೆಲಸದವನೇ. ಶಿರಹಟ್ಟಿ ಕಡೆ ಸ್ವಂತ ಕೇಬಲ್ ನೆಟ್ ನಡೆಸುವ ನೀವು ಇದನ್ನು ಕೇಳಿದ್ದು ನೋಡಿ ಖುಷಿಯಾಯಿತು. ಆದರೆ ಸ್ಟೇಷನ್‌ಗೆ ಒಂದು ಫ್ರೀ ಕನೆಕ್ಷನ್ ಕೊಟ್ಟರೆ ಕೆಲಸ ಮುಗಿಯಲ್ಲ. ಬೆಂಕಿ ಬಿದ್ದ ಹೊತ್ತಲ್ಲಿ ಅದು ನಡೆಯಬೇಕು, ಕಷ್ಟ ಇರೋದು ಅಲ್ಲೇ.

ಬೇಸಿಗೆಯಲ್ಲಿ ನಮ್ಮ ಕಡೆ ಏನಾಗುತ್ತದೆ ನೋಡಿ. ಬಣವೆಗೆ ಬೆಂಕಿ ಹತ್ತುತ್ತದೆ, ಮೇಲೆ ಕರೆಂಟ್ ತಂತಿ ಇರುತ್ತದೆ. ನೀರು ಹೊಡೆಯುವ ಮುಂಚೆ ವಿದ್ಯುತ್ ಕಂಪನಿ ಹೆಸ್ಕಾಂಗೆ ಫೋನ್ ಮಾಡಿ ಲೈನ್ ತೆಗೆಸಲೇಬೇಕು. ಲೈನ್ ಹೋದ ಕೂಡಲೇ ಆ ಭಾಗದ ನಿಮ್ಮ ಡಬ್ಬಿಗಳೂ ಆರುತ್ತವೆ, ಮೊಬೈಲ್ ಟವರ್ ಬ್ಯಾಟರಿ ಮೇಲೆ ಬೀಳುತ್ತದೆ. ನೆಟ್ ಬೇಕಾದ ಗಳಿಗೆಗೇ ನೆಟ್ ಇರಲ್ಲ. ಹಾಗಾಗಿ ಮೊದಲ ದುಡ್ಡು ಬ್ಯಾಟರಿಗೆ ಹಾಕಿ. ಒಎನ್‌ಯು (ಸ್ಟೇಷನ್‌ನಲ್ಲಿ ಫೈಬರ್ ಬಂದು ಸೇರುವ ಡಬ್ಬಿ), ರೂಟರ್ ಎರಡೂ ಸಾಮಾನ್ಯವಾಗಿ 12 ವೋಲ್ಟ್‌ನವು, ಜಾಸ್ತಿ ಕರೆಂಟ್ ಎಳೆಯಲ್ಲ. 12 ವೋಲ್ಟ್, 7 ಎಎಚ್ ಬ್ಯಾಟರಿ ಇಟ್ಟರೆ ನಾಲ್ಕೈದು ತಾಸು ನಡೆಯುತ್ತದೆ. ನಡುವೆ ಫೈಬರ್ ಕವಲೊಡೆಸುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಒಎಲ್‌ಟಿ (ಎಲ್ಲ ಲೈನ್ ಹೊರಡುವ ನಿಮ್ಮ ಮುಖ್ಯ ಯಂತ್ರ) ಇರುವ ರೂಮಿಗೆ ಮಾತ್ರ ದೊಡ್ಡ ಬ್ಯಾಟರಿ ಬೇಕು.

ಫೈಬರ್ ಒಂದನ್ನೇ ನಂಬಬೇಡಿ. ಜೆಸಿಬಿ ಒಂದು ಸಲ ಬಕೆಟ್ ಹಾಕಿದರೆ ಸಾಕು, ಒಎನ್‌ಯು ಮೇಲೆ ಕೆಂಪು ದೀಪ ಮಿನುಗುತ್ತಾ ಕೂರುತ್ತದೆ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಹಾಕಿದ 4ಜಿ ರೂಟರ್ ಜೊತೆಗಿರಲಿ. ಗಾಡಿಗೂ ಅಂಥದ್ದೇ ಒಂದು ಬೇಕು. ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ, ಮನೆ ರೂಟರ್ ನೇರವಾಗಿ ಜೋಡಿಸಿದರೆ ಸುಟ್ಟೇ ಹೋಗುತ್ತದೆ. 9ರಿಂದ 36 ವೋಲ್ಟ್ ತಡೆಯುವ ವಾಹನದ ರೂಟರ್ ತನ್ನಿ, ಆಂಟೆನಾವನ್ನು ಕ್ಯಾಬಿನ್ ಮೇಲೆ ಕೂರಿಸಿ. ಕಪ್ಪತಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಜಾಗಗಳಿಗೆ ಸ್ಯಾಟಲೈಟ್ ಡಿಶ್ ಒಳ್ಳೆಯದು ನಿಜ. ಆದರೆ ಲೈಸೆನ್ಸ್ ಇರುವ ಕಂಪನಿಯಿಂದಲೇ ಬರಬೇಕು, ಹೊರದೇಶದಿಂದ ಸುಮ್ನೆ ತರಿಸಿದರೆ ಕಾನೂನಿನ ತೊಂದರೆ.

ಇಷ್ಟೆಲ್ಲ ಯಾಕೆ ಅಂದರೆ, ಫೋನ್ ಮಾಡುವವರು 'ದ್ಯಾಮವ್ವನ ಗುಡಿ ದಾಟಿ, ಹಳ್ಳದ ಆಚೆ' ಅಂತಾರೆ. ಹೊರಗಿನಿಂದ ವರ್ಗವಾಗಿ ಬಂದ ಡ್ರೈವರ್‌ಗೆ ಅದು ಹೇಗೆ ಗೊತ್ತಾಗಬೇಕು? ಫೋನ್ ಮಾಡಿದವರೇ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದರೆ ಗಾಡಿ ನೇರ ಹೋಗುತ್ತದೆ. ಗಾಡಿಯ ನೀರು ಬೇಗ ಖಾಲಿಯಾಗುತ್ತದೆ, ಮತ್ತೆ ತುಂಬಿಸಲು ಹತ್ತಿರದ ಕೆರೆ, ಕೃಷಿ ಹೊಂಡ ಎಲ್ಲಿದೆ ಅನ್ನೋದೂ ತಿಳಿಯಬೇಕು. ಆ ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಡಲಿ, ನೆಟ್ ಹೋದರೂ ತೆರೆಯುತ್ತದೆ. ವೈರ್‌ಲೆಸ್ ಸೆಟ್ ಮಾತ್ರ ಯಾವತ್ತೂ ಬಿಡಬಾರದು.

ಇನ್ನು ಒಪ್ಪಂದ. ಇದನ್ನು ದಯವಿಟ್ಟು ಬಾಯಿ ಮಾತಿಗೆ ಬಿಡಬೇಡಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಂಪ್ಲೆಕ್ಸ್ ಕಾಡ್ಗಿಚ್ಚಿನಲ್ಲಿ ಸಾಂಟಾ ಕ್ಲಾರಾ ಕೌಂಟಿ ಅಗ್ನಿಶಾಮಕ ದಳದ ಕಮಾಂಡ್ ಗಾಡಿಯಲ್ಲಿ ವೆರೈಝನ್ ಅನ್ನೋ ಮೊಬೈಲ್ ಕಂಪನಿಯ ಸಿಮ್ ಇತ್ತು, ಪ್ಲಾನ್ ಹೆಸರಿಗೆ ಅನ್‌ಲಿಮಿಟೆಡ್. ಡೇಟಾ ಮಿತಿ ದಾಟಿದ್ದೇ ತಡ, ವೇಗ 200ರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಬೆಂಕಿ ಉರಿಯುತ್ತಿದೆ, ಕಂಪನಿಯವರು ದುಬಾರಿ ಪ್ಲಾನ್ ತಗೊಳ್ಳಿ ಅಂದರು. ಆಮೇಲೆ ಕಂಪನಿ ತಪ್ಪು ಒಪ್ಪಿಕೊಂಡಿತು. ಇಂಥ ತುರ್ತು ಸಿಬ್ಬಂದಿಯ ಡೇಟಾಗೆ ಮೊದಲ ದಾರಿ ಬಿಡುವ ಫಸ್ಟ್‌ನೆಟ್ ಜಾಲಕ್ಕೆ ಅಮೆರಿಕ 2012ರಲ್ಲೇ ಕಾನೂನು ಮಾಡಿತ್ತು, 2017ರಲ್ಲಿ ಎಟಿ ಅಂಡ್ ಟಿ ಅನ್ನೋ ಇನ್ನೊಂದು ಫೋನ್ ಕಂಪನಿ ಜೊತೆ 25 ವರ್ಷದ ಒಪ್ಪಂದವೂ ಆಗಿತ್ತು. ಅಷ್ಟಾದ ಮೇಲೂ ಹೀಗಾಯಿತು.

ಹಾಗಾಗಿ ಡೇಟಾ ಮಿತಿ ಇಲ್ಲ, ಬಿಲ್ ಬಾಕಿ ಇದ್ದರೂ ಕತ್ತರಿಸಲ್ಲ, ರಾತ್ರಿ ಯಾರು ಫೋನ್ ಎತ್ತುತ್ತಾರೆ ಎಂಬುದನ್ನೆಲ್ಲ ಬರೆಸಿ. ನೀವು ಬೇರೆ ಕಂಪನಿಯ ಫ್ರಾಂಚೈಸಿಯಾಗಿದ್ದರೆ ಅವರಿಂದಲೂ ಇದನ್ನೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಮೇಲಿನವರು ವೇಗ ಇಳಿಸಿದಾಗ ನಿಮ್ಮ ಮಾತು ಉಳಿಯಲ್ಲ. ಪತ್ರ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಹೋಗಲಿ, ಪ್ರತಿ ಡಿಸಿ ಆಫೀಸಿಗೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು.

ಶಿವರಾತ್ರಿಗೆ ಮುಂಚೆ ಒಂದು ಸಲ ಸ್ಟೇಷನ್‌ನ ಮೇನ್ ಸ್ವಿಚ್ ಆಫ್ ಮಾಡಿ, ಫೈಬರ್ ಕಿತ್ತು, ಅಲ್ಲಿಂದ ವಿಡಿಯೋ ಕಾಲ್ ಮಾಡಿ ನೋಡಿ. ಎಲ್ಲಿ ಕಟ್ ಆಗುತ್ತದೆ ಅಂತ ಇಲ್ಲೇ ಬರೆಯಿರಿ, ಸರಿ ಮಾಡುವ ದಾರಿ ಹೇಳ್ತೀನಿ.