ವಾಲಿದ ದಪ್ಪ ಫಾಂಟ್‌ನಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗುವುದಕ್ಕೆ

ವಾಲಿದ ದಪ್ಪ ಫಾಂಟ್‌ನಲ್ಲಿ ಹಾಕಿದ ಶೀರ್ಷಿಕೆ ಮುಗ್ಗರಿಸಿದಂತೆ ವಾಲಿ, ಅಕ್ಷರದೊಳಗಿನ ಬಿಳಿ ಜಾಗ, ಅಂದರೆ ಹೊಟ್ಟೆ, ಮುಚ್ಚಿಹೋಗಿದ್ದರೆ ಬಹುಮಟ್ಟಿಗೆ ಅದು ಬೋಲ್ಡ್, ಇಟಾಲಿಕ್ ಬಟನ್‌ಗಳ ಕೆಲಸ. ಇಂಥ ಫಾಂಟ್ ವಿನ್ಯಾಸದಲ್ಲೇ ದಪ್ಪ, ವಿನ್ಯಾಸದಲ್ಲೇ ಓರೆ. ಆ ಬಟನ್‌ಗಳು ಆನ್ ಇದ್ದರೆ ಸಾಫ್ಟ್‌ವೇರ್ ಅದನ್ನೇ ಇನ್ನೊಮ್ಮೆ ಓರೆಯಾಗಿಸಿ, ಗೆರೆಯನ್ನೂ ಉಬ್ಬಿಸುತ್ತದೆ.

ಮೊದಲು ಪಠ್ಯ ಆಯ್ದು ಎರಡೂ ಬಟನ್ ಆಫ್ ಮಾಡಿ. ಅಕ್ಷರಕ್ಕೆ ಸ್ಟ್ರೋಕ್ (ಅಂಚಿನ ಗೆರೆ) ಹಾಕಿದ್ದರೆ 0 ಮಾಡಿ. ವೆಬ್ ಪುಟವಾದರೆ ಹೆಡಿಂಗ್ ಟ್ಯಾಗ್ ನೀವು ಹೇಳದಿದ್ದರೂ ಬೋಲ್ಡ್ ಕೇಳುತ್ತದೆ. ಫಾಂಟ್ ಕಡತದ ವೆಯ್ಟ್ (ಅಕ್ಷರದ ದಪ್ಪ) 400, ಅಂದರೆ ಸಾಮಾನ್ಯ, ಎಂದು ಘೋಷಣೆಯಾಗಿದ್ದರೆ ಬ್ರೌಸರ್ ನಕಲಿ ದಪ್ಪ ಸೇರಿಸುತ್ತದೆ. ಹೆಡಿಂಗ್‌ನ ವೆಯ್ಟ್ ಕೂಡ 400 ಮಾಡಿ, ನಕಲಿ ದಪ್ಪ, ಓರೆಯನ್ನು ತಡೆಯುವ CSS ಸೂಚನೆ font-synthesis: none ಕೊಡಿ.

ಇಷ್ಟಾದ ಮೇಲೆ ಕರ್ನಿಂಗ್ (ಅಕ್ಷರಗಳ ನಡುವಿನ ಅಂತರ) ನೋಡಿ. ನಕಲಿ ಓರೆ ಇರುವಾಗ ಸರಿಪಡಿಸಿದ ಅಂತರವೆಲ್ಲ ಹಾಳಾಗುತ್ತದೆ, ಆದ್ದರಿಂದ ಹಳೆಯದನ್ನು 0ಗೆ ತನ್ನಿ. ಆಗಲೂ ಹೊಟ್ಟೆ ಮುಚ್ಚಿದ್ದರೆ ಅಕ್ಷರದ ಗಾತ್ರವೇ ಚಿಕ್ಕದಾಗಿರಬಹುದು: ದೊಡ್ಡದು ಮಾಡಿ, ಇಲ್ಲವೇ ಅದೇ ಕುಟುಂಬದ ತೆಳು ವೆಯ್ಟ್ ಹಾಕಿ.