ಕಲ್ಲು, ಕನ್ನಡಿ, ಕುದ್ರೋಳಿ

ಸಮಾಜ, ಧರ್ಮ ಬದಲಾಗುವುದು ಸಿದ್ಧಾಂತದಿಂದಲೋ, ಕೈಯಲ್ಲಿ ನಾಲ್ಕು ಕಾಸು ಓಡಾಡುವುದರಿಂದಲೋ ಅಂತ ಕೇಳಿದ್ದೀರಿ. ನಾನು ಮಂಗಳೂರಿನವನು, ಹಾಗಾಗಿ ನಮ್ಮೂರಿನ ಕುದ್ರೋಳಿ ದೇವಸ್ಥಾನದಿಂದಲೇ ಶುರು ಮಾಡುತ್ತೇನೆ.

ನೂರು ವರ್ಷದ ಹಿಂದೆ ನಮ್ಮ ಬಿಲ್ಲವ ಜಾತಿಯವರಿಗೆ ದೇವಸ್ಥಾನಗಳ ಒಳಗೆ ಪ್ರವೇಶ ಇರಲಿಲ್ಲ. ಮೂರ್ತೆ ಕೆಲಸದವರು, ಅಂದರೆ ಕಳ್ಳು ಇಳಿಸುವವರು ಅಂತ ಹೊರಗೇ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಕೆಲವರ ಹತ್ತಿರ ದುಡ್ಡು ಬಂದಿತ್ತು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಶಾಲೆ, ಹಂಚಿನ ಕಾರ್ಖಾನೆ ಬಂದಿದ್ದವು. ಎಷ್ಟೋ ಬಿಲ್ಲವರು ಕ್ರೈಸ್ತರೂ ಆಗಿದ್ದರು. ದುಡ್ಡಿತ್ತು, ಸಿಟ್ಟಿತ್ತು, ಬಿಟ್ಟುಹೋಗುವ ದಾರಿಯೂ ಇತ್ತು. ನಾವೇ ದೇವರನ್ನು ಪ್ರತಿಷ್ಠೆ ಮಾಡಬಹುದು ಅನ್ನುವ ಧೈರ್ಯ ಮಾತ್ರ ಇರಲಿಲ್ಲ.

ಅದನ್ನು ಕೊಟ್ಟವರು ಕೇರಳದ ನಾರಾಯಣ ಗುರು. 1888ರ ಶಿವರಾತ್ರಿಯಂದು ಅರುವಿಪ್ಪುರದಲ್ಲಿ ಅವರು ನೆಯ್ಯಾರ್ ಹೊಳೆಗಿಳಿದು ಒಂದು ಕಲ್ಲು ಎತ್ತಿ ತಂದರು. ಅದನ್ನೇ ಶಿವ ಅಂತ ಪ್ರತಿಷ್ಠೆ ಮಾಡಿದರು. ಈಳವನಿಗೆ (ನಮ್ಮ ಬಿಲ್ಲವರ ಹಾಗೆಯೇ ಹೊರಗೆ ನಿಲ್ಲಿಸಿದ್ದ ಕೇರಳದ ಜಾತಿ, ಗುರುಗಳದ್ದೂ ಅದೇ) ಈ ಅಧಿಕಾರ ಎಲ್ಲಿಂದ ಬಂತು ಅಂತ ಕೇಳಿದವರಿಗೆ, ಇದು ನಮ್ಮ ಶಿವ ಅಂದರಂತೆ. ಮುಂದೆ 1927ರಲ್ಲಿ ಕಳವಂಕೋಡದಲ್ಲಿ ಕನ್ನಡಿಯನ್ನೇ ಪ್ರತಿಷ್ಠೆ ಮಾಡಿದರು. ಕೈಮುಗಿದರೆ ಕಾಣುವುದು ನಿಮ್ಮದೇ ಮುಖ!

ತಮಾಷೆ ಏನು ಗೊತ್ತಾ? ಅವರ ಸಿದ್ಧಾಂತ ಹೊಸತೇನಲ್ಲ, ಅದೇ ಹಳೇ ಅದ್ವೈತ. ಎಲ್ಲರಲ್ಲೂ ಇರುವುದು ಒಂದೇ ಅಂತ ಮಠಗಳಲ್ಲಿ ನೂರಾರು ವರ್ಷ ಪಾಠ ನಡೆದಿತ್ತು. ಪಾಠ ಮುಗಿದ ಮೇಲೆ ಊಟದ ಪಂಕ್ತಿ ಮಾತ್ರ ಜಾತಿ ನೋಡಿಯೇ. ಹಾಗಾಗಿ ನನ್ನ ಪ್ರಕಾರ, ಯಾರಾದರೂ ಕಣ್ಣೆದುರು ಮಾಡಿ ತೋರಿಸುವವರೆಗೂ ಸಿದ್ಧಾಂತ ಪುಸ್ತಕದಲ್ಲೇ ಮಲಗಿರುತ್ತದೆ.

ಸಂಘಟನೆಯೂ ಬೇಕು ಅನ್ನಿ. 1903ರಲ್ಲಿ ಎಸ್‌ಎನ್‌ಡಿಪಿ ಯೋಗಂ ಅಂತ ಗುರುಗಳ ವಿಚಾರ ಹರಡುವ ಸಂಘ ಹುಟ್ಟಿತು. ಅದರ ಬೆನ್ನಿಗೆ ನಿಂತ ಡಾ. ಪಲ್ಪು, ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ನಮ್ಮ ಮೈಸೂರು ಸರ್ಕಾರದ ಸೇವೆಗೆ ಬಂದಿದ್ದ ವೈದ್ಯರು.

ಇತ್ತ ಬಿಲ್ಲವ ಮುಖಂಡ ಕೊರಗಪ್ಪನವರ ಮುಂದಾಳತ್ವದಲ್ಲಿ ಮಂಗಳೂರಿನವರು ಗುರುಗಳನ್ನು ಕರೆಸಿಕೊಂಡರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ, ಅಂದರೆ ಶಿವನ ಪ್ರತಿಷ್ಠೆ ಆಯಿತು. ಅದೇ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು.

ಅದಾದ ಸ್ವಲ್ಪ ದಿನಕ್ಕೆ ನಮ್ಮ ಮನೆಯಲ್ಲೊಂದು ಮದುವೆ. ಧಾರೆಯ ಹೊತ್ತಿಗೆ ಗಂಡ ತೀರಿಕೊಂಡಿದ್ದ ಚಿಕ್ಕಮ್ಮ ಸುಮ್ನೆ ಹಿಂದಿನ ಸಾಲಿಗೆ ಹೋಗಿ ಕೂತಿದ್ದರು. ಯಾರೂ ಹೋಗಿ ಅಂದಿರಲಿಲ್ಲ, ಅವರಿಗೇ ಅಭ್ಯಾಸ. ನಮ್ಮ ದೊಡ್ಡತ್ತೆಗೆ ಅದ್ವೈತ ಗಿದ್ವೈತ ಒಂದೂ ಗೊತ್ತಿಲ್ಲ. ಅವರೇ ಎದ್ದು ಹೋಗಿ, "ಕುದ್ರೋಳಿಯಲ್ಲಿ ಪೂಜೆಯೇ ಮಾಡ್ತಾರಂತೆ, ನಿನಗೆ ಧಾರೆ ಎರೆಯಲಿಕ್ಕೆ ಏನು?" ಅಂತ ಕೈ ಹಿಡಿದು ಎಳೆದುಕೊಂಡು ಬಂದರು. ಪುರೋಹಿತರು ಒಂದು ಕ್ಷಣ ತಲೆಯೆತ್ತಿ ನೋಡಿದರು, ಆಮೇಲೆ ಮಂತ್ರ ಮುಂದುವರಿಸಿದರು.